ಕೆಳಗಡೆ ಎರಡು ಸುತ್ತು ಜಾಸ್ತಿ

"ಕೊಂದವನು ನೀನೇ. ಹೌದು ಅನ್ನೋದಕ್ಕೂ ನಿನಗೆ ಬಾಯಿ ಬರ್ತಿಲ್ಲ."

"ನಾಲಿಗೆ ಬಿಗಿ ಹಿಡಿದು ಮಾತಾಡು. ನಿನ್ನ ಅಣ್ಣ ನಾನು."

"ಅಣ್ಣ ಅಂತಲೇ ಇಷ್ಟು ದಿನ ಬಾಯಿ ಹೊಲಿದುಕೊಂಡು ಕೂತಿದ್ದೆ. ಬೀದೀಲಿ ಹೋಗೋ ಯಾವನೋ ಆಗಿದ್ದಿದ್ರೆ ಅವತ್ತೇ ಕಾಲರ್ ಹಿಡಿದಿರ್ತಿದ್ದೆ."

"ಹಿಡಿ. ಈಗಲೇ ಹಿಡಿ. ಪೊಲೀಸಿನವರು ಇಲ್ಲೇ ಕೂತಿದ್ದಾರೆ, ಸಾಕ್ಷಿ ಹುಡುಕೋ ಕೆಲಸ ತಪ್ಪುತ್ತೆ."

ಇನ್ಸ್‌ಪೆಕ್ಟರ್ ಮಗುಚಿ ಹಾಕಿದ ಮರದ ಪೆಟ್ಟಿಗೆಯೊಂದರ ಮೇಲೆ ಕೂತಿದ್ದಳು. ಅವಳು ಇಬ್ಬರನ್ನೂ ತಡೆಯಲಿಲ್ಲ. ವಿಚಾರಣೆಯಲ್ಲಿ ಬೀಳದ ಮಾತು ಜಗಳದಲ್ಲಿ ತಾನಾಗಿ ಬೀಳುತ್ತದೆ ಎಂಬುದು ಹದಿನೆಂಟು ವರ್ಷದ ನೌಕರಿಯಲ್ಲಿ ಅವಳು ಕಲಿತದ್ದು.

ದೋಣಿ ರಿಪೇರಿಯ ಶೆಡ್ಡು ಅದು. ಮೇಲೆ ತಗಡು, ಕೆಳಗೆ ಎಣ್ಣೆ ಕುಡಿದು ಕಪ್ಪಾದ ಸಿಮೆಂಟು ನೆಲ. ಗೋಡೆಗೆ ಹಲಗೆ, ಹಲಗೆಯ ಮೇಲೆ ಒಂದೊಂದು ಹತಾರಕ್ಕೂ ಅದರದೇ ಮೊಳೆ. ಶೆಡ್ಡಿನ ಯಜಮಾನ ಮೇಸ್ತ್ರಿ ಕೆಲಸದ ಮೇಜಿನ ಆಚೆ ನಿಂತಿದ್ದ. ಅರವತ್ತರ ಗಿಡ್ಡ ಆಳು, ಎಡಗೈಯಲ್ಲಿ ಸ್ಕ್ರೂಡ್ರೈವರ್. ಈಚೆ ನಿಂತವಳು ಅವನ ತಂಗಿ. ವಿಧವೆಯಾಗಿ ಒಂಬತ್ತು ದಿನವಾಗಿತ್ತು. ಮೇಸ್ತ್ರಿಯ ಅಳಿಯ ಬಾಗಿಲ ಹತ್ತಿರ ಗೋಡೆಗೆ ಒರಗಿ, ಹತ್ತಿ ಬಟ್ಟೆಯಿಂದ ಒಂದೇ ಸ್ಪಾನರನ್ನು ಆಗಿನಿಂದ ಒರೆಸುತ್ತಿದ್ದ.

ಮೂವರ ನಡುವೆ ಮೇಜಿನ ಮೇಲೆ ಬಿದ್ದಿತ್ತು ಆ ಪೈಪು.

ತೋಳಿನಷ್ಟು ದಪ್ಪ, ಒಂದೂವರೆ ಆಳುದ್ದ, ಒಳಗೆ ತಂತಿ ಸುತ್ತಿದ ಕಪ್ಪು ರಬ್ಬರು. ಇಂಜಿನ್ನಿನ ಹೊಗೆಯನ್ನೂ ಬಿಸಿನೀರನ್ನೂ ದೋಣಿಯ ಹಿಂಬದಿಗೆ ಸಾಗಿಸಿ ಹೊರಗೆ ಉಗುಳುವ ಪೈಪು. ಹಳೆಯದು ಒಣಗಿ ಬಿರುಕು ಬಿಟ್ಟಿತ್ತೆಂದು ಮೇಸ್ತ್ರಿ ಒಂದು ತಿಂಗಳ ಹಿಂದೆ ತಂಗಿಯ ಗಂಡನ ದೋಣಿಗೆ ಇದನ್ನು ಹೊಸದಾಗಿ ಹಾಕಿದ್ದ. ಅವನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಆಯುಷ್ಯವಿಡೀ ಆ ದಡದಿಂದ ಈ ದಡಕ್ಕೆ ಜನ ಸಾಗಿಸಿದವನಿಗೆ ಆ ಹೆಸರು ಮೊದಲು ತಮಾಷೆಗೆ ಅಂಟಿ, ಆಮೇಲೆ ನಿಜವಾಗಿ ಉಳಿದಿತ್ತು. ಒಂಬತ್ತು ದಿನದ ಹಿಂದೆ ಮಧ್ಯಾಹ್ನ, ಕಟ್ಟಿ ನಿಲ್ಲಿಸಿದ ದೋಣಿಯಲ್ಲಿ, ಬ್ಯಾಟರಿ ತುಂಬಲೆಂದು ಇಂಜಿನ್ ಓಡಲು ಬಿಟ್ಟು, ಗಾಳಿ ಜೋರಿದೆಯೆಂದು ಕ್ಯಾಬಿನ್ ಬಾಗಿಲು ಹಾಕಿಕೊಂಡು ಕ್ಯಾಪ್ಟನ್ ಮಲಗಿದ್ದ. ಏಳಲಿಲ್ಲ. ಪೈಪಿನ ಅಡಿಭಾಗದಲ್ಲಿ ಬೆರಳುದ್ದದ ಸೀಳು ಸಿಕ್ಕಿತು. ಸೋರಿದ ನೀರನ್ನು ತಳದ ಪಂಪು ಹೊರಗೆ ಎತ್ತಿ ಹಾಕುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. ಹೊಗೆಯ ಜೊತೆ ಬರುವ ವಿಷಕ್ಕಂತೂ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

"ಕತ್ತರಿಸುವಾಗ ಚಾಕು ಜಾರಿದೆ ನಿನಗೆ," ಎಂದಳು ತಂಗಿ. "ಕಣ್ಣು ಮಂಜಾಗಿದೆ, ಒಪ್ಪಿಕೊಳ್ಳೋಕೆ ಜಂಬ. ಎಲ್ಲರಿಗಿಂತ ದೊಡ್ಡ ಮೇಸ್ತ್ರಿ ನೀನು."

"ನಲವತ್ತು ವರ್ಷದಲ್ಲಿ ಒಂದು ಪೈಪು ಸೀಳಿಲ್ಲ ನಾನು. ಹಾಕೋ ಮುಂಚೆ ಒಳಗೆ ಹೊರಗೆ ಕೈಯಾಡಿಸಿ ನೋಡ್ತೀನಿ."

"ನೋಡಿದ್ದು ಗೊತ್ತಾಯ್ತಲ್ಲ. ನಿನ್ನ ಹೆಸರು ಉಳಿಸೋಕೆ ಹೋಗಿ ನಾನು..."

ಅಲ್ಲಿಗೆ ನಿಲ್ಲಿಸಿದಳು. ತುಟಿ ಕಚ್ಚಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಇನ್ಸ್‌ಪೆಕ್ಟರ್ ಪೆಟ್ಟಿಗೆಯಿಂದ ಎದ್ದಳು. ಇಷ್ಟು ಹೊತ್ತು ಕಾದದ್ದಕ್ಕೆ ಅರ್ಧ ಮಾತು ಸಿಕ್ಕಿತ್ತು.

ಅವಳ ಚೀಲದಲ್ಲಿ ಒಂದು ಕಾಗದವಿತ್ತು. ಅಜಾಗರೂಕತೆಯಿಂದ ಸಾವು, ಆರೋಪಿ ಮೇಸ್ತ್ರಿ. ಸಂಜೆ ಐದರೊಳಗೆ ಸಹಿ ಹಾಕಿ ಆಳನ್ನು ಕರೆತರಬೇಕೆಂದು ಮೇಲಿನವರ ಅಪ್ಪಣೆ. ಆಗ ಗಂಟೆ ಮೂರಾಗಿತ್ತು. ಮೇಸ್ತ್ರಿಗೂ ಆ ಕಾಗದದ ವಿಷಯ ತಿಳಿದಿತ್ತು, ಅವಳೇ ತೋರಿಸಿದ್ದಳು.

ಸಹಿ ಹಾಕದಿರುವುದಕ್ಕೆ ಅವಳ ಹತ್ತಿರ ಎರಡು ಕಾರಣಗಳಿದ್ದವು. ಎರಡೂ ಆ ಪೈಪಿನ ಮೇಲೇ ಇದ್ದವು.

"ಮೇಸ್ತ್ರಿಗಳೇ, ಜಗಳ ಆಮೇಲೆ ಮುಂದುವರಿಸಿ. ಈಗ ನನಗೆ ಒಂದು ಪೈಪು ಹಾಕಿ ತೋರಿಸಿ."

"ಯಾವುದಕ್ಕೆ?"

"ಯಾವುದಕ್ಕಾದರೂ. ಅವತ್ತು ಹೇಗೆ ಹಾಕಿದಿರೋ ಹಾಗೇ."

ಮೇಸ್ತ್ರಿ ಗೊಣಗಿದ. ಆದರೂ ತುಂಡು ಕಬ್ಬಿಣದ ಕೊಳವೆಯೊಂದನ್ನು ಮೇಜಿಗೆ ಕೂರಿಸಿದ ಇಕ್ಕಳದಂಥ ವೈಸಿನಲ್ಲಿ ಬಿಗಿದ, ಮೂಲೆಯಿಂದ ಮೊಳದುದ್ದದ ರಬ್ಬರು ತುಂಡು ತಂದ. ತಗಡಿನ ಮಗ್ಗಿನಲ್ಲಿದ್ದ ಸಾಬೂನು ನೀರಿಗೆ ಬೆರಳದ್ದಿ ಕೊಳವೆಗೆ ಬಳಿದ.

"ಗ್ರೀಸು ಯಾಕಿಲ್ಲ?" ಕೇಳಿದಳು ಇನ್ಸ್‌ಪೆಕ್ಟರ್. ಉತ್ತರ ಅವಳಿಗೆ ಗೊತ್ತಿತ್ತು. ಅವಳಪ್ಪ ನೀರೆತ್ತುವ ಪಂಪು ರಿಪೇರಿ ಮಾಡಿಕೊಂಡಿದ್ದವನು. ಅವಳು ಅಕ್ಷರ ಕಲಿಯುವ ಮೊದಲೇ ಪೈಪಿನ ಕ್ಲಿಪ್ಪು ಬಿಗಿಯಲು ಕಲಿತಿದ್ದಳು.

"ಗ್ರೀಸು ಹಚ್ಚಿದರೆ ಸಲೀಸಾಗಿ ಹತ್ತುತ್ತೆ, ಅಷ್ಟೇ ಸಲೀಸಾಗಿ ಇಳಿಯುತ್ತೆ. ರಬ್ಬರೂ ಹಾಳು. ಸಾಬೂನು ಆದರೆ ಒಣಗಿ ಹಿಡಿದುಕೊಳ್ಳುತ್ತೆ. ನಮ್ಮಪ್ಪ ಹೇಳಿಕೊಟ್ಟದ್ದು."

ಪೈಪು ತಿರುಚಿ ತಿರುಚಿ ಒಳಗೆ ಹೋಯಿತು. ಮೇಸ್ತ್ರಿ, ಸ್ಕ್ರೂ ತಿರುಗಿಸಿದರೆ ಬಿಗಿಯುವ ಎರಡು ಉಕ್ಕಿನ ಪಟ್ಟಿ ಕ್ಲಿಪ್ಪು ಸುತ್ತಿದ. ಒಳಗಿನ ಕ್ಲಿಪ್ಪಿನ ಸ್ಕ್ರೂ ತಲೆ ಎಡಕ್ಕೆ, ಹೊರಗಿನದು ಬಲಕ್ಕೆ.

"ಎರಡೂ ಒಂದೇ ಕಡೆ ಇದ್ದರೆ ಏನಾಗುತ್ತೆ?"

"ಆ ಕಡೆ ಬಿಗಿ, ಈ ಕಡೆ ಸಡಿಲ. ಒಂದು ಎಡಕ್ಕೆ, ಒಂದು ಬಲಕ್ಕೆ. ಇದೂ ಅಪ್ಪನ ಮಾತೇ."

"ಮೊದಲನೇದು ಎಡಕ್ಕೆ ಯಾಕೆ?"

ಮೇಸ್ತ್ರಿ ತನ್ನ ಎಡಗೈ ಎತ್ತಿ ತೋರಿಸಿದ. "ನಾನು ಎಡಚ. ಸ್ಕ್ರೂಡ್ರೈವರ್ ಇರೋ ಕಡೆ ತಲೆ ಇಡ್ತೀನಿ."

"ಈಗ ನೀವು," ಎಂದು ಅವಳು ಅಳಿಯನ ಕಡೆ ತಿರುಗಿದಳು.

ಅಳಿಯ ಸ್ಪಾನರ್ ಕೆಳಗಿಟ್ಟು ಬಂದ. ಮೂವತ್ತರ ಎತ್ತರದ ಆಳು, ಮಾತು ಕಮ್ಮಿ. ಎಂಟು ವರ್ಷದ ಹಿಂದೆ ಕೆಲಸ ಕಲಿಯಲು ಬಂದವನಿಗೆ ಮೇಸ್ತ್ರಿ ನಾಲ್ಕು ವರ್ಷದ ಹಿಂದೆ ಮಗಳನ್ನೂ ಕೊಟ್ಟಿದ್ದ. ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಪೈಪು ಬಿಚ್ಚಿ, ಮತ್ತೆ ಸಾಬೂನು ಹಚ್ಚಿ, ಹಾಕಿದ. ಮೊದಲ ಕ್ಲಿಪ್ಪು ಎಡಕ್ಕೆ. ಬಲಗೈಗೆ ಅದು ಎಟುಕದೆ, ಮೈ ಸೊಟ್ಟ ಮಾಡಿಕೊಂಡು ಬಿಗಿದ.

"ನೀವು ಬಲಗೈಯವರು. ಎಡಕ್ಕೆ ಯಾಕಿಟ್ಟಿರಿ?"

"ಮಾವ ಹಾಗೇ ಇಡೋದು. ನೋಡಿ ನೋಡಿ ಹಾಗೇ ಬಂತು."

"ಎಡಚನ ಶಿಷ್ಯ," ಎಂದ ಮೇಸ್ತ್ರಿ. ಜಗಳದ ನಡುವೆಯೂ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆ ಇಣುಕಿತು. "ನಾನು ಕುಂಟಿದರೆ ಇವನೂ ಕುಂಟ್ತಾನೆ."

ಇನ್ಸ್‌ಪೆಕ್ಟರ್ ಸಾಕ್ಷಿಯ ಪೈಪಿನ ಹತ್ತಿರ ಹೋದಳು. ಎರಡು ತುದಿಯ ಕ್ಲಿಪ್ಪುಗಳನ್ನೂ ಇದ್ದ ಹಾಗೇ ಉಳಿಸಿ, ಕೊಳವೆ ಸಮೇತ ಕೊಯ್ದು ತಂದಿದ್ದರು.

"ಇದು ದೋಣಿಯ ಹಿಂಬದಿ ತುದಿ. ಮೊದಲನೇದು ಎಡಕ್ಕೆ, ಎರಡನೇದು ಬಲಕ್ಕೆ. ನಿಮ್ಮ ಕೈ ಕೆಲಸ. ಇದು ಇಂಜಿನ್ ಕಡೆಯ ತುದಿ. ನೀವೇ ನೋಡಿ."

ಮೇಸ್ತ್ರಿ ಕನ್ನಡಕ ಹಾಕಿಕೊಂಡು ಬಗ್ಗಿದ. ಮೊದಲನೆಯದು ಬಲಕ್ಕೆ ಇತ್ತು, ಎರಡನೆಯದು ಎಡಕ್ಕೆ.

"ಇದು ನಂದಲ್ಲ," ಎಂದ ನಿಧಾನವಾಗಿ. "ಎರಡು ತುದೀನೂ ನಾನೇ ಹಾಕಿದ್ದು. ಇವನು ಪೈಪು ಅಳತೆಗೆ ಕತ್ತರಿಸಿ ಕೊಟ್ಟ, ನಾನು ನೋಡಿದ ಮೇಲೆ ದೋಣಿ ಒಳಗೆ ತಳ್ಳಿದ, ಅಷ್ಟೇ. ಇದನ್ನ ಯಾರೋ ಬಿಚ್ಚಿ ಹಾಕಿದ್ದಾರೆ ಮೇಡಂ."

"ಹೌದು. ಬಿಚ್ಚಿದವರಿಗೂ ನಿಮ್ಮಪ್ಪನ ಪಾಠ ಗೊತ್ತು. ಆದರೆ ಅವರು ಬಲಗೈಯವರು."

ತಗಡಿನ ಮೇಲೆ ಒಂದು ಕಾಗೆ ಓಡಾಡಿದ ಸದ್ದಾಯಿತು.

"ಇನ್ನೊಂದು ವಿಷಯ." ಇನ್ಸ್‌ಪೆಕ್ಟರ್ ಪೈಪನ್ನು ಮಗುಚಿ ಸೀಳು ತೋರಿಸಿದಳು. "ತಿಂಗಳಿಗೇ ಪೈಪಿಗೆಲ್ಲ ಎಣ್ಣೆ ಮಸಿ ಕೂತಿದೆ. ಸೀಳಿನ ಆಚೆ ಈಚೆ ಒಂದು ಗೇಣು ಅಗಲ, ಸುತ್ತಲೂ, ಒಂದು ಚುಕ್ಕಿ ಮಸಿ ಇಲ್ಲ. ಬಳೆ ತೆಗೆದ ಮಣಿಕಟ್ಟಿನ ಹಾಗಿದೆ. ಇಲ್ಲಿ ಏನೋ ಸುತ್ತಿತ್ತು, ಆಮೇಲೆ ಇಲ್ಲ. ಏನಿರಬಹುದು?"

"ಸಾಬೂನು ನೀರು ಮುಗೀತು," ಎಂದ ಅಳಿಯ. "ತರ್ತೀನಿ ಮಾವ."

ಮಗ್ಗು ಎತ್ತಿಕೊಂಡು ಹೊರಗೆ ಹೋದ. ನಲ್ಲಿ ಶೆಡ್ಡಿನ ಹಿಂದುಗಡೆ, ಇಪ್ಪತ್ತು ಹೆಜ್ಜೆ. ತಿರುಗಿಸಿದ ಸದ್ದು ಒಳಗೆ ಕೇಳಿಸಿತು. ನೀರು ಬೇಕೆಂದು ಯಾರೂ ಕೇಳಿರಲಿಲ್ಲ. ಆದರೆ ಇನ್ಸ್‌ಪೆಕ್ಟರಿನ ಕಣ್ಣು ಆಗ ಬೇರೆಯವರ ಕೈಗಳ ಮೇಲಿತ್ತು. ಕಾನ್‌ಸ್ಟೇಬಲ್ಲನ್ನು ದೋಣಿಯ ಕಾವಲಿಗೆ ಬಿಟ್ಟು ಒಬ್ಬಳೇ ಬಂದಿದ್ದಳು. ಆವತ್ತು ಅವಳು ಮಾಡಿದ ತಪ್ಪು ಅದೊಂದೇ.

ಅವಳು ವೈಸಿನ ಹತ್ತಿರ ನಿಂತು, ತಾನೇ ಪೈಪಿನ ತುಂಡನ್ನು ಕೊಳವೆಗೆ ಸಿಕ್ಕಿಸತೊಡಗಿದಳು. ಹಚ್ಚಿದ ಸಾಬೂನು ಇನ್ನೂ ಆರಿರಲಿಲ್ಲ. ಪೈಪನ್ನು ಸೊಟ್ಟಗೆ ತುರುಕಿದಳು. ಎರಡು ಕ್ಲಿಪ್ಪನ್ನೂ ತುದಿಗೇ ಒತ್ತಿ, ಎರಡು ತಲೆಯನ್ನೂ ಒಂದೇ ಕಡೆಗಿಟ್ಟು ತಿರುಗಿಸಿದಳು. ತಿರುಗಿಸುತ್ತಲೇ ತಂಗಿಯ ಜೊತೆ ಮಾತಿಗಿಳಿದಳು.

"ನಿಮ್ಮ ಯಜಮಾನರು ಸಾಯೋ ಮುಂಚೆ ತಲೆನೋವು ಅಂತಿದ್ದರಂತೆ."

"ಅಂತಿದ್ದರು. ಪೈಪು ಹಾಕಿದ ವಾರಕ್ಕೆ ಶುರುವಾಯ್ತು. ದೋಣಿಗೆ ಹೋಗಿ ಬಂದ ದಿನವೆಲ್ಲ ತಲೆ ಹಿಡಿದುಕೊಂಡು ಕೂರೋರು."

"ಡಾಕ್ಟರಿಗೆ ತೋರಿಸಲಿಲ್ಲವೇ?"

"ಅವರು ಹೋಗಬೇಕಲ್ಲ. ದೋಣಿಗೆ ಸ್ವಲ್ಪ ಏನಾದರೂ ಆದರೆ ಊರೆಲ್ಲ ಸುತ್ತೋರು, ತಮ್ಮ ಮೈಗೆ ಆದರೆ... ಅದು ಹಾಗಲ್ಲ."

"ಏನು?"

"ಕ್ಲಿಪ್ಪು. ತುದಿಗೆ ಹಾಕಿದರೆ ರಬ್ಬರು ಕಚ್ಚಿ ಹರಿಯುತ್ತೆ."

"ಹೀಗಾ?" ಇನ್ಸ್‌ಪೆಕ್ಟರ್ ಇನ್ನೂ ಕೆಟ್ಟದಾಗಿ ಸರಿಸಿದಳು.

ಕೆಲಸ ಗೊತ್ತಿದ್ದವರ ಕಣ್ಣಿಗೆ ತಪ್ಪು ಕೆಲಸ ಅನ್ನದಲ್ಲಿ ಸಿಕ್ಕ ಕಲ್ಲಿದ್ದ ಹಾಗೆ. ತಂಗಿ ಎರಡು ಉಸಿರು ತಡೆದಳು. ಆಮೇಲೆ ಇನ್ಸ್‌ಪೆಕ್ಟರನ್ನು ಮೊಣಕೈಯಿಂದ ಸರಿಸಿ ವೈಸಿನ ಮುಂದೆ ನಿಂತಳು.

"ಬಿಡಿ ಇಲ್ಲಿ. ಡಾಕ್ಟರ ಹತ್ತಿರ ಹೋಗಿ ಅಂತ ದಿನಾ ಹೇಳಿದೆ. ಗೋಣು ಆಡಿಸೋರು, ಮತ್ತೆ ದೋಣಿಗೇ ಹೋಗೋರು. ಅವರೂ ಒಂದೇ, ನಮ್ಮಣ್ಣನೂ ಒಂದೇ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತು ಅಂತ, ಇಬ್ಬರ ನಡುವೆ..."

ಬಾಯಿ ಬೈಯುತ್ತಿತ್ತು. ಕೈಗಳಿಗೆ ಬಾಯಿಯ ಕಡೆ ಗಮನವಿರಲಿಲ್ಲ. ಪೈಪು ಕಳಚಿತು, ಅರ್ಧ ಸುತ್ತು ತಿರುಗಿತು, ನೆಟ್ಟಗೆ ಬುಡದವರೆಗೆ ಕೂತಿತು. ಮೊದಲ ಕ್ಲಿಪ್ಪು, ತಲೆ ಬಲಕ್ಕೆ. ಎರಡನೆಯದು, ಎಡಕ್ಕೆ. ನಾಲ್ಕು ತಿರುವು, ಒಂದು ಎಳೆದು ನೋಡುವುದು, ಮತ್ತೆ ಅರ್ಧ ತಿರುವು. ಮೇಸ್ತ್ರಿಗಿಂತ ಚುರುಕು, ಅಳಿಯನಿಗಿಂತ ಅಚ್ಚುಕಟ್ಟು.

ಮೇಸ್ತ್ರಿ ನೋಡಿದ. ವೈಸಿನ ಮೇಲಿದ್ದದ್ದನ್ನು ನೋಡಿದ, ಮೇಜಿನ ಮೇಲಿದ್ದದ್ದನ್ನು ನೋಡಿದ. ಆಮೇಲೆ ಕನ್ನಡಕ ತೆಗೆದ.

"ಇಲಿಮರಿ," ಎಂದ ಮೆಲ್ಲಗೆ.

ತಂಗಿಯ ಕೈ ನಿಂತಿತು.

"ಅದು ಯಾರು?" ಕೇಳಿದಳು ಇನ್ಸ್‌ಪೆಕ್ಟರ್.

ತಂಗಿಯೇ ಹೇಳಿದಳು. "ನಮ್ಮಪ್ಪ ನನ್ನನ್ನ ಕರೀತಿದ್ದ ಹೆಸರು. ಸಣ್ಣ ಮೈ ಅಂತ ದೋಣಿ ಹೊಟ್ಟೆಯೊಳಗೆ ನನ್ನನ್ನೇ ನುಗ್ಗಿಸ್ತಿದ್ದ. ಇವನಿಗಿಂತ ಮೊದಲು ನಾನು ಕಲಿತದ್ದು."

"ಮೇಡಂ," ಎಂದ ಮೇಸ್ತ್ರಿ. "ನಾನೇ ಯಾವಾಗಲಾದರೂ ಬಿಚ್ಚಿ ಹಾಕಿರಬೇಕು. ಮರೆತಿರಬೇಕು. ವಯಸ್ಸಾಯ್ತು."

"ಸುಮ್ಮನಿರು ನೀನು," ಎಂದಳು ತಂಗಿ. "ಒಂದು ಸುಳ್ಳು ನೆಟ್ಟಗೆ ಹೇಳೋಕೆ ಬರಲ್ಲ, ಬಂದುಬಿಟ್ಟ." ಅವಳು ಮಗುಚಿದ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. "ಬಿಚ್ಚಿದ್ದು ನಾನು. ತಲೆನೋವು ಅಂದಾಗ ನನಗೆ ಹೊಗೆ ಮೇಲೇ ಗುಮಾನಿ ಬಂತು. ಅವರು ಸಂತೆಗೆ ಹೋದ ದಿನ ದೋಣಿ ಹಲಗೆ ಎತ್ತಿ ಒಳಗಿಳಿದೆ. ಪೈಪು ಬಿಚ್ಚಿ ಅಡಿಗೆ ಕೈ ಹಾಕಿದೆ, ಸೀಳು ಸಿಕ್ಕಿತು."

"ನಿಮ್ಮಣ್ಣನ ಚಾಕು ತಗುಲಿದೆ ಅಂದುಕೊಂಡಿರಿ."

"ಇನ್ನೇನು ಅಂದುಕೊಳ್ಳಲಿ? ಅವರಿಗೆ ಹೇಳಿದರೆ ಮತ್ತೆ ಇವನ ಮುಖ ನೋಡೋದಿಲ್ಲ. ಹೊರಗೆ ಗೊತ್ತಾದರೆ ಈ ಶೆಡ್ಡಿಗೆ ಇನ್ನೊಂದು ದೋಣಿ ಬರಲ್ಲ. ಮಸಿ ಒರೆಸಿ ಟೇಪು ಸುತ್ತಿದೆ. ತನಗೆ ತಾನೇ ಅಂಟಿಕೊಳ್ಳೋ ರಬ್ಬರು ಟೇಪು, ಒಂದು ಗೇಣು ಅಗಲ, ಬಿಗಿಯಾಗಿ. ಹೊಸ ಪೈಪು ಬರೋವರೆಗೆ ತಡೀಲಿ, ಆಮೇಲೆ ಇವನ ಕಿವೀಲಿ ಹೇಳಿ ಬದಲಾಯಿಸೋಣ ಅಂತ. ನಾಲ್ಕು ದಿನ ತಲೆನೋವಿರಲಿಲ್ಲ ಅವರಿಗೆ. ನಗ್ತಿದ್ದರು." ಅವಳು ಅಂಗೈ ನೋಡಿಕೊಂಡಳು. "ಐದನೇ ದಿನ ಹೋದರು. ನನ್ನ ಟೇಪು ಸುಟ್ಟು ಬಿಟ್ಟುಕೊಂಡಿರಬೇಕು. ಇವನು ಸೀಳಿದ, ನಾನು ಮುಚ್ಚಿಟ್ಟೆ. ಇಬ್ಬರೂ ಸೇರಿ ಕೊಂದ ಹಾಗಾಯ್ತು."

ಒಂಬತ್ತು ದಿನದ ಸಿಟ್ಟಿನ ಬುಡ ಇಲ್ಲಿತ್ತು. ಅಣ್ಣನನ್ನು ಬೈದ ಒಂದೊಂದು ಮಾತಿನ ಅರ್ಧ ಪಾಲು ಅವಳದೇ ಆಗಿತ್ತು.

ಇನ್ಸ್‌ಪೆಕ್ಟರಿಗೆ ಸಮಾಧಾನ ಹೇಳುವ ಅಭ್ಯಾಸವಿರಲಿಲ್ಲ. ಇದ್ದದ್ದನ್ನು ಹೇಳಿದಳು.

"ಆ ಪೈಪಿನಲ್ಲಿ ಹೊಗೆಯ ಜೊತೆ ನೀರೂ ಹರಿಯುತ್ತೆ. ಇಂಜಿನ್ ಓಡುವಾಗಲೂ ಕೈ ಇಟ್ಟು ನೋಡಬಹುದು, ಅಷ್ಟೇ ಬಿಸಿ. ಟೇಪು ಸುಡೋದಿಲ್ಲ. ಬಿಟ್ಟುಕೊಂಡಿದ್ದರೆ ದೋಣಿಯ ತಳದಲ್ಲಿ ಬಿದ್ದಿರಬೇಕಿತ್ತು. ತಳವನ್ನೆಲ್ಲ ಸೋಸಿದ್ದೇವೆ. ಒಂದು ಚೂರು ಸಿಕ್ಕಿಲ್ಲ."

"ಅಂದರೆ?"

"ಯಾರೋ ಕತ್ತರಿಸಿ ಬಿಚ್ಚಿ, ಜೊತೆಗೆ ಒಯ್ದಿದ್ದಾರೆ. ಅದಕ್ಕೆ ಪೈಪು ಕಳಚಬೇಕಾಗಿಲ್ಲ. ಮೇಲಿನಿಂದ ಒಂದು ಬ್ಲೇಡು ಸಾಕು. ಅಲ್ಲಿ ಟೇಪು ಇದೆ ಅಂತ ಯಾರಿಗೆ ಗೊತ್ತಿತ್ತು?"

"ಯಾರಿಗೂ ಹೇಳಿಲ್ಲ."

"ಟೇಪು ಎಲ್ಲಿಂದ ಬಂತು?"

"ಇಲ್ಲಿಂದಲೇ. ಅಳಿಯನ ಹತ್ತಿರ ಇಸಕೊಂಡೆ. ಆದರೆ ಅವನಿಗೂ ಹೇಳಿಲ್ಲ. ಮನೆ ಹಿಂದಿನ ನೀರಿನ ಪೈಪು ಸೋರ್ತಿದೆ, ಸುತ್ತೋಕೆ ಬೇಕು ಅಂದೆ."

"ಅವರು ಏನೂ ಕೇಳಲಿಲ್ಲವೇ?"

"ಪಾಪ, ಏನು ಕೇಳ್ತಾನೆ. ಆ ಹಲಗೆಯಿಂದ ತೆಗೆದುಕೊಟ್ಟ. ಕೊಟ್ಟು, ಕೆಳಗಡೆ ಎರಡು ಸುತ್ತು ಜಾಸ್ತಿ ಹಾಕಿ ಅತ್ತೆ, ಅಂದ..."

ಹೇಳುತ್ತಿದ್ದವಳು ಅಲ್ಲೇ ನಿಂತಳು. ತಾನು ಹೇಳಿದ್ದನ್ನು ತಾನೇ ಆಗ ಮೊದಲ ಸಲ ಕೇಳಿಸಿಕೊಂಡವಳಂತೆ ಇನ್ಸ್‌ಪೆಕ್ಟರಿನ ಮುಖ ನೋಡಿದಳು.

"ನೀರಿನ ಪೈಪು ಅಂದಿರಿ," ಎಂದಳು ಇನ್ಸ್‌ಪೆಕ್ಟರ್. "ಎಲ್ಲಿ ಸೋರುತ್ತಿದೆ ಅಂತ ಹೇಳಿದ್ದಿರಾ?"

"ಇಲ್ಲ."

"ಕೆಳಗಡೆ ಅಂತ?"

"ಇಲ್ಲ."

ಪೈಪು ಅಳತೆಗೆ ಕತ್ತರಿಸಿ, ಕೊನೆಗೆ ದೋಣಿಯೊಳಗೆ ತಳ್ಳಿದವನು ಯಾರೆಂದು ಮೇಸ್ತ್ರಿ ಸ್ವಲ್ಪ ಹೊತ್ತಿನ ಹಿಂದೆ ತನ್ನ ಬಾಯಿಂದಲೇ ಹೇಳಿದ್ದ. ಮೂವರೂ ಬಾಗಿಲ ಕಡೆ ತಿರುಗಿದರು.

ಹಿಂದುಗಡೆ ನಲ್ಲಿ ಇನ್ನೂ ಸುರಿಯುತ್ತಿತ್ತು. ಒಂದು ಮಗ್ಗು ತುಂಬಲು ಎಷ್ಟು ಹೊತ್ತು ಬೇಕು?

ಇನ್ಸ್‌ಪೆಕ್ಟರ್ ಹೊರಗೆ ಓಡಿದಳು. ನಲ್ಲಿಯ ಕೆಳಗೆ ತಗಡಿನ ಮಗ್ಗು ಉಕ್ಕಿ ಹರಿಯುತ್ತಿತ್ತು. ಅದರೊಳಗೆ ಸಾಬೂನಿನ ತುಂಡು ಕರಗಿ, ಬಿಳಿ ನೊರೆ ಮೋರಿಯವರೆಗೆ ಹರಿದಿತ್ತು. ನಲ್ಲಿಯ ಪಕ್ಕದ ಮೊಳೆಗೆ ಅಳಿಯನ ಎಣ್ಣೆ ಹತ್ತಿದ ಕೆಲಸದ ಅಂಗಿ ನೇತಾಡುತ್ತಿತ್ತು, ತೋಳು ಮಡಿಸಿ, ಕೆಲಸ ಮುಗಿಸಿದವನು ತೂಗುಹಾಕುವ ಹಾಗೆ. ಅಂಗಳದ ಹಿಂದಿನ ಗೇಟು ತೆರೆದಿತ್ತು. ಅಳಿಯ ಗೋಡೆಗೆ ಒರಗಿಸಿಟ್ಟಿದ್ದ ಮೋಟಾರ್ ಸೈಕಲ್ಲಿನ ಜಾಗದಲ್ಲಿ ಅಂಗೈಯಗಲ ಎಣ್ಣೆ ಕಲೆ ಮಾತ್ರ ಉಳಿದಿತ್ತು. ಬೀದಿಯ ಎರಡು ಕಡೆಯೂ ಖಾಲಿ. ಮೋಟಾರ್ ಸೈಕಲ್ಲು ಹೊರಟ ಸದ್ದು ಒಳಗೆ ಕೇಳಿಸಿರಲಿಲ್ಲ. ತಿರುವಿನವರೆಗೆ ತಳ್ಳಿಕೊಂಡೇ ಹೋಗಿರಬೇಕು.

ಮೇಸ್ತ್ರಿ ಅವಳ ಹಿಂದೆ ಬಂದು ನಿಂತ. ಬಗ್ಗಿ ನಲ್ಲಿ ನಿಲ್ಲಿಸಿದ. ಮಗ್ಗು ಎತ್ತಿ, ಹೆಚ್ಚಾದ ನೀರು ಚೆಲ್ಲಿ, ಮುಕ್ಕಾಲು ಮಾಡಿ ಹಿಡಿದುಕೊಂಡ. ನಲವತ್ತು ವರ್ಷದ ಅಭ್ಯಾಸ.

"ಮೇಡಂ, ಆ ಕಾಗದ ಇನ್ನೂ ಚೀಲದಲ್ಲೇ ಇದೆಯಾ?"

"ಇದೆ."

"ನನ್ನ ಹೆಸರೇ ಇರಲಿ. ಸಹಿ ಹಾಕಿ."

"ನಿಮ್ಮ ಹೆಸರು ತೆಗೆಸೋಕೆ ಇಷ್ಟು ಹೊತ್ತು ಬಡಿದಾಡಿದ್ದು ನೀವೇ."

"ಆಗ ಗೊತ್ತಿರಲಿಲ್ಲ." ಅವನು ಮಗ್ಗಿನೊಳಗಿನ ನೊರೆ ನೋಡುತ್ತ ಹೇಳಿದ. "ನನ್ನ ಮಗಳು ಏಳು ತಿಂಗಳ ಬಸುರಿ."

ಇನ್ಸ್‌ಪೆಕ್ಟರ್ ಫೋನು ತೆಗೆದು ಠಾಣೆಗೆ ಕರೆ ಮಾಡಿದಳು. ಅಳಿಯ ಯಾಕೆ ಹೀಗೆ ಮಾಡಿದ ಎಂಬುದನ್ನು ಅವನು ಸಿಕ್ಕ ಮೇಲೆ ಅವನ ಬಾಯಿಂದಲೇ ಕೇಳಬೇಕಿತ್ತು. ಮೋಟಾರ್ ಸೈಕಲ್ಲಿನ ನಂಬರು ಹೇಳಬೇಕಾದಾಗ ಮೇಸ್ತ್ರಿಯ ಮುಖ ನೋಡಿದಳು. ಅವನಿಗೆ ಅದು ಬಾಯಿಪಾಠ ಬರುತ್ತಿತ್ತು. ಅವನು ಬಾಯಿ ತೆರೆಯಲಿಲ್ಲ.

ಹಿಂದಿನಿಂದ ತಂಗಿ ಒಂದೊಂದೇ ಅಂಕಿ ಹೇಳಿದಳು.

ಮೇಸ್ತ್ರಿ ಮಗ್ಗು ಹಿಡಿದುಕೊಂಡು ಒಳಗೆ ಹೋಗಿ, ವೈಸಿನ ಪಕ್ಕ, ಅಳಿಯ ಯಾವಾಗಲೂ ಇಡುವ ಜಾಗದಲ್ಲೇ ಇಟ್ಟ. ಗಂಟೆ ನಾಲ್ಕಾಯಿತು. ಐದಾಯಿತು. ನೊರೆ ಇಳಿದು ಮಗ್ಗಿನಲ್ಲಿ ಬರೀ ನೀರು ಉಳಿಯಿತು. ಸಾಬೂನು ನೀರು ತರುತ್ತೇನೆಂದು ಹೋದವನು ಬರಲಿಲ್ಲ.